ಬಿಪಿ ಮಾತ್ರೆ, ನಿದ್ದೆ ಮಾತ್ರೆ ಮತ್ತು ನಮ್ಮ ಮನೆ ಗುಂಪು

ಚಿಕ್ಕಮ್ಮ (ಫಾರ್ವರ್ಡ್): ಬಿಪಿ ಮಾತ್ರೆ ಜೊತೆ ನಿದ್ದೆ ಮಾತ್ರೆ ನುಂಗಿದರೆ ಹೃದಯವೇ ನಿಲ್ಲುತ್ತದೆ! ಇಂದೇ ಬಿಡಿ! ಎಲ್ಲರಿಗೂ ಕಳಿಸಿ!

ಚಿಕ್ಕಮ್ಮ: ಭಾವ ಎರಡೂ ತಗೊಳ್ಳುತ್ತಾರೆ. ಅದಕ್ಕೇ ಹಾಕಿದೆ.

ದೊಡ್ಡಪ್ಪ: ಸರಿ, ಇವತ್ತಿಂದ ಎರಡೂ ಬಂದ್. ಮೈಮುರಿದು ದುಡಿದವರಿಗೆ ನಿದ್ದೆ ತಾನಾಗಿ ಬರುತ್ತದೆ. ನಿಮಗೆಲ್ಲ ರಾತ್ರಿಯಿಡೀ ಮೊಬೈಲು.

ಅಣ್ಣ: ಇದನ್ನು ಹೇಳಿದ್ದು ಯಾರು? ಯಾವ ಮಾತ್ರೆ ಅಂತಲೂ ಇಲ್ಲ. ಚಿಕ್ಕಮ್ಮ, ಪೂರ್ತಿ ಓದಿದ್ರಾ?

ಚಿಕ್ಕಮ್ಮ: ನನ್ನನ್ನು ಮಾತ್ರ ಕೇಳು. ನಿಮ್ಮತ್ತೆ ಕಳಿಸಿದರೆ ತೆಪ್ಪಗಿರುತ್ತೀಯ.

ಅತ್ತೆ: ನನ್ನ ಸುದ್ದಿ ಯಾಕೆ ಈಗ? ಮದುವೆ ಫೋಟೋ ಹಂಚುವಾಗ ಯಾರಿಗೂ ನೆನಪಾಗಲಿಲ್ಲ, ಬೈಯಲು ಮಾತ್ರ ಬೇಕಾ?

ನಾನು: ದೊಡ್ಡಪ್ಪ, ದಯವಿಟ್ಟು ಯಾವುದನ್ನೂ ಥಟ್ಟನೆ ಬಿಡಬೇಡಿ. ಕ್ಲೋನಿಡಿನ್ ಥರದ ಬಿಪಿ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಬಿಪಿ ವಿಪರೀತ ಏರಬಹುದು. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಥರದ ನಿದ್ದೆ ಮಾತ್ರೆ ಬಹಳ ದಿನ ತಗೊಂಡು ಹಠಾತ್ ಬಿಟ್ಟರೆ ಫಿಟ್ಸ್ ಕೂಡ ಬರಬಹುದು.

ಅತ್ತೆ ಮಗ: ಅಜ್ಜನ ಮಾತ್ರೆ ಡಬ್ಬಿ ನೆನಪಿದೆಯಾ? ತಗಡಿನದ್ದು. ಗಲಗಲ ಅಲ್ಲಾಡಿಸಿ ಏಟು ತಿಂದಿದ್ದೆವು!

ಅತ್ತೆ: ಏಟು ತಿಂದಿದ್ದು ನೀನು. ಅಲ್ಲಾಡಿಸಿದ್ದು ನಿಮ್ಮಣ್ಣ.

ಅಣ್ಣ: ಅದು ನಾನಲ್ಲ! ಇರಲಿ, ಹಾಗಾದರೆ ಫಾರ್ವರ್ಡ್ ಪೂರಾ ಸುಳ್ಳು ತಾನೇ?

ನಾನು: ಪೂರಾ ಅಲ್ಲ. ನುಂಗಿದ ಕೂಡಲೇ ಹೃದಯ ನಿಲ್ಲುತ್ತದೆ ಅನ್ನೋದು ಸುಮ್ನೆ ಹೆದರಿಸೋ ಮಾತು. ಆದರೆ ಎರಡೂ ಸೇರಿದರೆ ಬಿಪಿ ಜಾಸ್ತಿ ಇಳಿಯಬಹುದು. ರಾತ್ರಿ ಬಚ್ಚಲಿಗೆ ಎದ್ದಾಗ ತಲೆ ಸುತ್ತಿ ಬಿದ್ದರೆ? ವಯಸ್ಸಾದವರ ವಿಷಯದಲ್ಲಿ ನನಗೆ ಇದೇ ದೊಡ್ಡ ಭಯ. ಯಾವ ಮಾತ್ರೆ ಅನ್ನೋದೂ ಮುಖ್ಯ. ಅಲ್ಪ್ರಜೋಲಾಮನ್ನು ಲಿವರಿನ ಒಂದು ಎಂಜೈಮ್ ಕರಗಿಸುತ್ತದೆ. ಡಿಲ್ಟಿಯಾಜೆಮ್, ವೆರಾಪಮಿಲ್ ಎಂಬ ಬಿಪಿ ಮಾತ್ರೆಗಳು ಅದೇ ಎಂಜೈಮನ್ನು ತಡೆಯುತ್ತವೆ. ಆಗ ಅಲ್ಪ್ರಜೋಲಾಮ್ ಮೈಯಲ್ಲೇ ಹೆಚ್ಚು ಹೊತ್ತು ಉಳಿದು, ಮಂಪರು ಹೆಚ್ಚಾಗಿ, ಬೆಳಗ್ಗೆಯೂ ಬಿಡದೇ ಇರಬಹುದು. ಲೋರಜೆಪಾಮ್ ಎಂಬ ನಿದ್ದೆ ಮಾತ್ರೆಗೆ ಈ ತೊಂದರೆ ಇಲ್ಲ, ಆದರೂ ಬಿಪಿ ಇಳಿಯುವ ಚಿಂತೆ ಇದ್ದೇ ಇದೆ.

ದೊಡ್ಡಪ್ಪ: ಇದೆಲ್ಲ ಡಾಕ್ಟರಿಗೆ ಗೊತ್ತಿರಲ್ವಾ?

ನಾನು: ಬಿಪಿಗೆ ಒಬ್ಬರು, ನಿದ್ದೆಗೆ ಇನ್ನೊಬ್ಬರು ಬರೆದಿದ್ದಾರೆ ಅಲ್ವಾ? ಒಬ್ಬರ ಚೀಟಿ ಇನ್ನೊಬ್ಬರಿಗೆ ತೋರಿಸಿದ್ದೀರಾ?

ದೊಡ್ಡಪ್ಪ: ಅವರು ಕೇಳಲಿಲ್ಲ.

ಚಿಕ್ಕಮ್ಮ: ನೋಡಿದ್ರಾ! ನಾನು ಹಾಕಿದ್ದಕ್ಕೇ ಇದು ಹೊರಗೆ ಬಂತು.

ಅಣ್ಣ: ನೀವು ಹಾಕಿದ್ದು "ಇಂದೇ ಬಿಡಿ" ಅಂತ, ಚಿಕ್ಕಮ್ಮ.

ಚಿಕ್ಕಮ್ಮ: ಕಾಳಜಿ ಇದ್ದದ್ದಕ್ಕೆ ಹಾಕಿದೆ. ನೀನು ಅವರಿಗೆ ಫೋನ್ ಮಾಡಿ ಎಷ್ಟು ದಿನವಾಯಿತು?

ನಾನು: ದೊಡ್ಡಪ್ಪ, ಎಲ್ಲ ಮಾತ್ರೆ ಸ್ಟ್ರಿಪ್‌ಗಳ ಫೋಟೋ ಕಳಿಸಿ. ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಎಲ್ಲ ಬೇಕು. ನೆಗಡಿ ಮಾತ್ರೆಯನ್ನೂ ಬಿಡಬೇಡಿ, ಕೆಲವು ಮಂಪರು ತರುತ್ತವೆ. ಕೂತಾಗ ಒಮ್ಮೆ, ಎದ್ದು ನಿಂತು 3 ನಿಮಿಷದೊಳಗೆ ಇನ್ನೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ದೊಡ್ಡಪ್ಪ: ನಾಲ್ಕು ಸ್ಟ್ರಿಪ್ ಇವೆ. ಒಂದರಲ್ಲಿ ಹೆಸರು ಇರುವ ಕಡೆಯೇ ಹರಿದಿದೆ.

ನಾನು: ಅದರ ಬಿಲ್ ಹುಡುಕಿಡಿ. ಈಗಲೇ ಫೋನ್ ಮಾಡುತ್ತೇನೆ.