ಪದಚರ್ಚೆ: ಕ್ಲೀಟಿನ ‘ಪ್ಲೇ’ಗೆ ಏನನ್ನೋಣ, ‘ಫ್ಲೋಟ್’ಗೆ ಏನನ್ನೋಣ?

ಗೆಳೆಯರೇ, ನಮಸ್ಕಾರ.

ನನಗೆ ಎರಡು ಪದ ಬೇಕಾಗಿವೆ. ಎರಡಕ್ಕೂ ಒಂದೊಂದು ಮನಸ್ಸಿನಲ್ಲಿದೆ, ಆದರೆ ನಿಮ್ಮನ್ನು ಕೇಳದೆ ಬಳಸಲು ಧೈರ್ಯ ಸಾಲದು.

ಸಂಗತಿ ಸೈಕಲ್ಲಿನದು. ರೇಸಿಂಗ್ ಸೈಕಲ್ ತುಳಿಯುವವರ ಶೂ ಪೆಡಲಿಗೆ ಕಚ್ಚಿಕೊಂಡಿರುತ್ತದೆ, ನೋಡಿರುತ್ತೀರಿ. ಶೂವಿನ ಅಟ್ಟೆಗೆ ಕ್ಲೀಟ್ ಅನ್ನೋ ತುಂಡನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಕಾಲು ಒತ್ತಿದರೆ ಪೆಡಲ್ ಅದನ್ನು ಟಪ್ ಅಂತ ಕಚ್ಚುತ್ತದೆ. ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಡುತ್ತದೆ. ಇಂಗ್ಲಿಷಿನಲ್ಲಿ ಇದನ್ನು ‘ಕ್ಲಿಪ್‌ಲೆಸ್’ ಪೆಡಲ್ ಅನ್ನುತ್ತಾರೆ. ಹಳೇ ಪೆಡಲುಗಳಲ್ಲಿ ಕಾಲ್ಬೆರಳ ಮುಂದೆ ಪಂಜರದಂಥ ಕ್ಲಿಪ್ಪು, ಚರ್ಮದ ಪಟ್ಟಿ ಇರುತ್ತಿದ್ದವು. ಇದರಲ್ಲಿ ಅವಿಲ್ಲ, ಅದಕ್ಕೇ ಆ ಹೆಸರು. ಸ್ಕೀ ಬೂಟು ಹಿಡಿಯುವ ಕೊಂಡಿ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ತಂದಿತು. ಮರುವರ್ಷ ಬರ್ನಾರ್ ಹಿನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಪೆಡಲ್, ಕ್ಲೀಟ್ ಪದಗಳು ಹಾಗೇ ಇರಲಿ, ನನ್ನ ತಕರಾರಿಲ್ಲ.

ತೊಡಕು ಇರುವುದು ಅಲುಗುವುದರಲ್ಲಿ. ಕ್ಲೀಟು ಪೆಡಲಿನಲ್ಲಿ ಎರಡು ಥರ ಅಲುಗುತ್ತದೆ. ಒಂದು ಬೇಕಾದದ್ದು. ಹಿಮ್ಮಡಿ ಎಡಕ್ಕೂ ಬಲಕ್ಕೂ ಚೂರು ಹೊರಳಲಿ, ಮಂಡಿಗೆ ನೋವಾಗದಿರಲಿ ಅಂತ ಬೇಕೆಂದೇ ಬಿಟ್ಟ ಜಾಗ. ಅದು ಫ್ಲೋಟ್. ಇನ್ನೊಂದು ಬೇಡದ್ದು. ಕ್ಲೀಟು ಸವೆದೋ ಬೋಲ್ಟು ಬಿಟ್ಟುಕೊಂಡೋ ಶೂ ಲೊಡಲೊಡ ಅನ್ನುವುದು. ಅದು ಪ್ಲೇ.

ಎರಡಕ್ಕೂ ಒಂದೇ ಪದ ಬಳಸಿ ನಾನು ಒಬ್ಬನಿಗೆ ತೊಂದರೆ ಕೊಟ್ಟೆ. ಹೊಸದಾಗಿ ಸೈಕಲ್ ತುಳಿಯಲು ಶುರು ಮಾಡಿದ ಹುಡುಗನೊಬ್ಬನಿಗೆ ಒಂದು ಚೀಟಿ ಬರೆದುಕೊಟ್ಟಿದ್ದೆ. ‘ಕ್ಲೀಟು ಪೆಡಲಲ್ಲಿ ಸಡಿಲ ಇರಬಾರದು’ ಅಂತ. ಅವನ ಶೂವಿನಲ್ಲಿ ಇದ್ದದ್ದು ಶಿಮಾನೋ ಕಂಪನಿಯ ಹಳದಿ ಕ್ಲೀಟು, ಅಂದರೆ 6 ಡಿಗ್ರಿ ಹೊರಳುವಂಥದ್ದು. ಹಿಮ್ಮಡಿ ಆಚೀಚೆ ಹೋಗುವುದನ್ನು ನೋಡಿ ‘ಇದೇ ಸಡಿಲ’ ಅಂದುಕೊಂಡ. ಕೆಂಪು ಕ್ಲೀಟು ಹಾಕಿಸಿಕೊಂಡ. ಶಿಮಾನೋದ ಕೆಂಪಿನಲ್ಲಿ ಫ್ಲೋಟ್ ಸೊನ್ನೆ. ಎರಡು ವಾರಕ್ಕೆ ಮಂಡಿ ಒಳಬದಿ ನೋವು. ಹಳದಿಗೆ ವಾಪಸ್ ಬಂದ ಮೇಲೆ ನೋವು ಹೋಯಿತು. ತಪ್ಪು ಅವನದಲ್ಲ, ನನ್ನ ‘ಸಡಿಲ’ದ್ದು. (ಬಣ್ಣವನ್ನೂ ನಂಬುವ ಹಾಗಿಲ್ಲ. ಲುಕ್ ಕಂಪನಿಯ ಕಿಯೋ ಕ್ಲೀಟಿನಲ್ಲಿ ಕೆಂಪು ಅಂದರೆ 9 ಡಿಗ್ರಿ, ಕಪ್ಪು ಅಂದರೆ ಸೊನ್ನೆ.)

ಈಗ ನನ್ನ ಯೋಚನೆ ಹೇಳುತ್ತೇನೆ. ‘ಅಳ್ಳಕ’ ಹಗ್ಗಕ್ಕೆ, ಗಂಟಿಗೆ ಚೆನ್ನ. ‘ಸಡಿಲ’ ಬೋಲ್ಟಿಗೆ ಸರಿ, ಯಾಕೆಂದರೆ ಬಿಗಿದರೆ ಹೋಗುತ್ತದೆ. ಆದರೆ ಸವೆದ ಕ್ಲೀಟನ್ನು ಎಷ್ಟು ಬಿಗಿದರೂ ಅಷ್ಟೇ. ಪೆಡಲಿನ ಸ್ಪ್ರಿಂಗ್ ಸ್ಕ್ರೂ ತಿರುಗಿಸಿದರೆ ಕಾಲು ಬಿಡಿಸಲು ಜಾಸ್ತಿ ಬಲ ಬೇಕಾಗುತ್ತದೆಯೇ ಹೊರತು ಸವೆದದ್ದು ತುಂಬುವುದಿಲ್ಲ. ಇದು ಹಲ್ಲಿನ ಥರ. ಹಲ್ಲು ‘ಅಲ್ಲಾಡ್ತಿದೆ’ ಅನ್ನುತ್ತೇವೆ, ಸಡಿಲ ಆಗಿದೆ ಅನ್ನುವುದು ಕಡಿಮೆ. ಹಾಗಾಗಿ ಸವೆದು ಬರುವ ಪ್ಲೇಗೆ ‘ಅಲ್ಲಾಟ’ ಅನ್ನಬಹುದಾ?

ಫ್ಲೋಟ್‌ಗೆ ‘ಮಿಸುಕು’ ಅಂತ ನನ್ನ ಆಸೆ. ಬಸ್ಸಿನಲ್ಲಿ ‘ಮಿಸುಕಾಡೋಕೂ ಜಾಗ ಇರಲಿಲ್ಲ’ ಅಂತೀವಲ್ವಾ? ಅಲ್ಲಿ ಮಿಸುಕಾಡುವುದು ಕೆಟ್ಟದ್ದಲ್ಲ, ಮೈಗೆ ಬೇಕಾದದ್ದು. ‘ಹಳದಿ ಕ್ಲೀಟಿಗೆ 6 ಡಿಗ್ರಿ ಮಿಸುಕು’ ಅಂದರೆ ಕಿವಿಗೆ ಒಗ್ಗುತ್ತದಾ ಹೇಳಿ. ‘ತೇಲು’ ಅಂತ ನೇರವಾಗಿ ತರುವುದು ನನಗೆ ಒಪ್ಪಿಗೆಯಿಲ್ಲ. ಇಲ್ಲಿ ಏನೂ ತೇಲುತ್ತಿಲ್ಲ.

ಈ ಎರಡು ಪದ ಇದ್ದರೆ ರಿಪೇರಿ ಹೇಳುವುದು ಎಷ್ಟು ಸುಲಭ ನೋಡಿ. ಶೂವನ್ನು ಪೆಡಲಿಗೆ ಕಚ್ಚಿಸಿ, ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಹಿಮ್ಮಡಿ ಮಾತ್ರ ಹೊರಳಿದರೆ ಅದು ಮಿಸುಕು, ಬಿಟ್ಟುಬಿಡಿ. ಕ್ಲೀಟು ನಿಂತು ಶೂ ಜರುಗಿದರೆ ಬೋಲ್ಟು ಸಡಿಲ, 5ರಿಂದ 6 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಕ್ಲೀಟೇ ಪೆಡಲೊಳಗೆ ಮೇಲೆ ಕೆಳಗೆ ಆದರೆ ಅಲ್ಲಾಟ, ಕ್ಲೀಟು ಬದಲಾಯಿಸಿ. ಶೂ ಇಲ್ಲದೆಯೂ ಪೆಡಲ್ ಅಲ್ಲಾಡಿದರೆ ಬೇರಿಂಗ್ ನೋಡಿಸಿ.

ಇನ್ನೊಂದು ಪದವೂ ಬೇಕಿತ್ತು. ಬೆಟ್ಟಗಾಡಿನಲ್ಲಿ ತುಳಿಯುವ ಸೈಕಲ್ಲಿನ ಶೂಗಳಲ್ಲಿ ಕ್ಲೀಟು ಪುಟ್ಟದು, ಎರಡೇ ಬೋಲ್ಟು. ಅದರ ಅಕ್ಕಪಕ್ಕ ಅಟ್ಟೆಯಲ್ಲಿರುವ ರಬ್ಬರ್ ಗುಬ್ಬಿಗಳು, ಅಂದರೆ ಉಬ್ಬುಗಳು, ಪೆಡಲ್ ಮೇಲೆ ಕೂರಬೇಕು. ಅವು ಸವೆದರೆ ಕಾಲು ಪಕ್ಕಕ್ಕೆ ವಾಲುತ್ತದೆ. ಆಗ ಗುಬ್ಬಿಗೆ ತೆಳ್ಳಗೆ ರಬ್ಬರ್ ಅಂಟಿಸಿ ಸಂದು ತುಂಬುತ್ತಾರೆ. ಕ್ಲೀಟಿನ ಅಡಿಗೆ ತಗಡು ಇಟ್ಟರೆ ಉಲ್ಟಾ, ಅಟ್ಟೆ ಇನ್ನೂ ದೂರ ಹೋಗುತ್ತದೆ. ಸಂದು ತುಂಬುವ ಈ ತುಂಡಿಗೆ ಮೆಕ್ಯಾನಿಕ್ಕುಗಳು ‘ಪ್ಯಾಕಿಂಗ್’ ಅನ್ನುತ್ತಾರೆ. ಗುದ್ದಲಿ ಕಾವು ಅಲ್ಲಾಡಿದರೆ ನಾವು ಬೆಣೆ ಹೊಡೆಯುತ್ತೇವೆ, ಆದರೆ ಬೆಣೆ ಅಂದರೆ ಚೂಪು, ಹೊಡೆದು ಸೇರಿಸುವಂಥದ್ದು. ಇದು ಸುಮ್ನೆ ಅಂಟಿಕೊಂಡಿರುವಂಥದ್ದು. ಮೇಜಿನ ಕಾಲಿನಡಿ ಕಾಗದ ಮಡಿಸಿ ಇಡುವುದಕ್ಕೆ ನಮ್ಮ ಮನೆಯಲ್ಲಿ ‘ಒತ್ತು ಕೊಡು’ ಅನ್ನುತ್ತಿದ್ದರು. ‘ಒತ್ತು’ ನಿಮ್ಮ ಕಡೆಯೂ ಈ ಅರ್ಥದಲ್ಲಿ ಇದೆಯಾ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮ ಊರಿನ ಸೈಕಲ್ ಶಾಪಿನಲ್ಲಿ ಏನನ್ನುತ್ತಾರೆ ಅಂತ ಕೇಳಿ ಬರೆದರೆ ತುಂಬಾ ಉಪಕಾರ. ಆ ಹುಡುಗನಿಗೆ ಚೀಟಿಯನ್ನು ತಿದ್ದಿ ಕೊಡಬೇಕಿದೆ.