ಅಪ್‌ಡೇಟ್: ನಾಲ್ಕು ವರ್ಷದ ಮಗುವಿನ ಗುಳ್ಳೆ ಪ್ರಶ್ನೆ

ಹೋದ ವಾರ ಒಂದು ಪರೀಕ್ಷೆ ಪ್ರಶ್ನೆ ಬಗ್ಗೆ ಕೇಳಿದ್ದೆನಲ್ಲ, ಇದು ಯಾವ ಕಾಯಿಲೆ ಅಂತ: 4 ವರ್ಷದ ಮಗು, ತೊಡೆಸಂದಿನಲ್ಲಿ, ಬಾಯಿ ಸುತ್ತ ನೀರುಗುಳ್ಳೆ, ಆಂಟಿಬಯೋಟಿಕ್‌ಗೆ ಬಗ್ಗಿಲ್ಲ. ನಾನು ಬುಲ್ಲಸ್ ಇಂಪೆಟಿಗೊ (ಬ್ಯಾಕ್ಟೀರಿಯಾದಿಂದ ಗುಳ್ಳೆ ಏಳುವ ಚರ್ಮದ ಸೋಂಕು) ಅಂತ ಟಿಕ್ ಹಾಕಿದ್ದೆ. ತಪ್ಪು. ಉತ್ತರ ಲೀನಿಯರ್ ಐಜಿಎ ಕಾಯಿಲೆ, ಅಂದರೆ ದೇಹದ ಐಜಿಎ ಎಂಬ ಪ್ರತಿಕಾಯ ತನ್ನದೇ ಚರ್ಮದ ಮೇಲೆ ತಿರುಗಿ ಗುಳ್ಳೆ ಎಬ್ಬಿಸುವ ರೋಗ.

ನೀವು ಹೇಳಿದ ಮೇಲೆ ಫೋಟೊ ಮತ್ತೆ ನೋಡಿದೆ. ಹಳೇ ಗಾಯದ ಅಂಚಿನಲ್ಲಿ ಹೊಸ ಗುಳ್ಳೆಗಳು ಮುತ್ತಿನ ಸರದ ಹಾಗೆ ಸುತ್ತಿಕೊಂಡಿವೆ! ಕಣ್ಣೆದುರೇ ಇತ್ತು, ಸುಮ್ನೆ ದಾಟಿ ಹೋಗಿದ್ದೆ. ಇಂಪೆಟಿಗೊದ ಗುಳ್ಳೆ ಸಡಿಲ, ಬೇಗ ಒಡೆಯುತ್ತದೆ. ಇಲ್ಲಿ ಬಿಗಿ, ಯಾಕೆಂದರೆ ಚರ್ಮ ಬಿಡುವುದು ಎಪಿಡರ್ಮಿಸ್‌ನ (ಚರ್ಮದ ಮೇಲ್ಪದರದ) ಕೆಳಗೆ. ಖಚಿತವಾಗಲು ಗುಳ್ಳೆಯ ಪಕ್ಕದ ಚರ್ಮದ ಬಯಾಪ್ಸಿ, ಡೈರೆಕ್ಟ್ ಇಮ್ಯುನೊಫ್ಲೋರೆಸೆನ್ಸ್ (ಪ್ರತಿಕಾಯ ಎಲ್ಲಿ ಕೂತಿದೆ ಅಂತ ಹೊಳೆಯುವ ಬಣ್ಣದಿಂದ ತೋರಿಸುವ ಪರೀಕ್ಷೆ). ಎಪಿಡರ್ಮಿಸ್ ಅನ್ನು ಕೆಳಗಿನ ಪದರಕ್ಕೆ ಅಂಟಿಸುವ ತೆಳು ಪೊರೆಯ, ಅಂದರೆ ಬೇಸ್‌ಮೆಂಟ್ ಮೆಂಬ್ರೇನ್‌ನ ಉದ್ದಕ್ಕೂ ಐಜಿಎ ಗೆರೆ ಕಾಣುತ್ತದೆ.

ಮದ್ದು ಡ್ಯಾಪ್ಸೋನ್. ಆದರೆ ಮೊದಲು ಜಿ6ಪಿಡಿ ಟೆಸ್ಟ್ ಮಾಡಿಸಲೇಬೇಕು; ಕೆಂಪು ರಕ್ತಕಣ ಕಾಯುವ ಈ ಕಿಣ್ವ ಕಡಿಮೆ ಇದ್ದರೆ ಡ್ಯಾಪ್ಸೋನ್‌ನಿಂದ ಆ ಕಣಗಳು ಒಡೆಯಬಹುದು. ಈ ಟೆಸ್ಟ್ ಬರೆಯುವುದಕ್ಕೂ ಒಂದು ಮಾರ್ಕ್ ಇತ್ತು, ಅದೂ ಹೋಯ್ತು.