ಪದ ಬೇಕು (ತುರ್ತು): ಮರ ಕೊಯ್ಯುವ ಗುಂಡಿ, ಗರಗಸ ತಿನ್ನುವ ಅಗಲ

ಪ್ರಶ್ನೆ: ಎಸ್ಟೇಟಿನ ಸುತ್ತಲ ಕಾಡಿನಲ್ಲಿ ಹಿಂದೆ ನಾಟಾ ಕೊಯ್ಯುತ್ತಿದ್ದ ಜಾಗಗಳಿಗೆ ಫಲಕ ಬರೆಯಬೇಕು. ನಾಳೆಯೇ ಅಚ್ಚಿಗೆ ಹೋಗುತ್ತದೆ. ಒಂದು, 'ಸಾ ಪಿಟ್': ಗುಂಡಿಯ ಮೇಲೆ ಅಡ್ಡಮರ ಹಾಸಿ ದಿಮ್ಮಿ ಇಟ್ಟು, ಮೇಲೊಬ್ಬ ಕೆಳಗೊಬ್ಬ ನಿಂತು ಹಲಗೆ ತೆಗೆಯುತ್ತಿದ್ದ ಜಾಗ. ಇನ್ನೊಂದು, 'ಕರ್ಫ್': ಗರಗಸ ಹಾದಲ್ಲಿ ಹುಡಿಯಾಗಿ ಹೋಗುವ ಅಗಲ. ಕರಡಿನಲ್ಲಿ 'ಸೀಳುಗುಂಡಿ', 'ಸೀಳುಗಂಡಿ' ಎಂದಿದೆ. ಆದೀತೇ?

ಉತ್ತರ 1: ಸುತರಾಂ ಆಗದು. ಸೀಳುವುದು ಬೇರೆ, ಗರಗಸದಲ್ಲಿ ಕೊಯ್ಯುವುದು ಬೇರೆ. ಬೆಣೆ ಹೊಡೆದು ಸೀಳಿದರೆ ಬಿರುಕು ನಾರಿನ ಗುಂಟ ಓಡುತ್ತದೆ. ನಾರು ತಿರುಚಿದ್ದರೆ ಹಲಗೆಯೂ ತಿರುಚು. ಕೊಯ್ಯುವಾಗ ದಾರ ಬಡಿದು ಹಾಕಿದ ಗೆರೆಯೇ ಪ್ರಮಾಣ. ಗೆರೆ ಕಾಯುವುದು ಮೇಲಿನವನ ಹೊಣೆ. ಹಲ್ಲು ಕಚ್ಚುವುದು ಗರಗಸ ಕೆಳಕ್ಕೆ ಬರುವಾಗ. ಕೊಯ್ದ ಸಂದಿ ಮುಚ್ಚಿ ಅಲಗು ಸಿಕ್ಕಿಕೊಳ್ಳದಿರಲಿ ಎಂದು ಅಲ್ಲಿಯೂ ಬೆಣೆ ಇಡುತ್ತಾರೆ, ಅಷ್ಟಕ್ಕೇ ಅದು ಸೀಳುವಿಕೆಯಾಗದು. 'ಸುಡು' ಧಾತುವಿಗೆ 'ಕಾಡು' ಸೇರಿ 'ಸುಡುಗಾಡು' ಆದಂತೆ, 'ಕೊಯ್'ಗೆ 'ಗುಂಡಿ' ಸೇರಿಸಿ 'ಕೊಯ್ಗುಂಡಿ' ಎನ್ನಿ. ಅಚ್ಚಗನ್ನಡ.

ಉತ್ತರ 2: ಕೊಯ್ಗುಂಡಿ ಎಂದರೆ ಓದುಗರಿಗೆ ಪೈರಿನ ಕೊಯ್ಲು ನೆನಪಾಗುತ್ತದೆ. 'ಗರಗಸದ ಗುಂಡಿ' ಎಂದರೆ ನಿಂತಲ್ಲೇ ತಿಳಿಯುತ್ತದೆ.

ಉತ್ತರ 1: ಗರಗಸ 'ಕ್ರಕಚ'ದ ತದ್ಭವ. ನಮ್ಮದೇ ಧಾತು ಇರುವಾಗ ಸಾಲ ಏಕೆ?

ಉತ್ತರ 2: ಹಾಗಿದ್ದರೆ ಹಲಗೆಯನ್ನೂ ಬಿಡಿ, ಅದು 'ಫಲಕ'ದ ತದ್ಭವ. ದಿಮ್ಮಿಯಿಂದ ಏನು ತೆಗೆದರೆಂದು ಬರೆಯುತ್ತೀರಿ? ಸಾಮಿಲ್ಲಿನಲ್ಲಿ ದುಡಿಯುವವರು ಸಾಮಿಲ್ ಎಂದೇ ಅನ್ನುತ್ತಾರೆ. ಅವರ ಬಾಯಲ್ಲಿರುವುದು ಕನ್ನಡವಲ್ಲವೇ?

ಉತ್ತರ 3: ಎರಡನೆಯ ಪದ ಹಾಗೇ ಉಳಿಯಿತು. 'ಗಂಡಿ' ತಪ್ಪು, ಗಂಡಿ ಎಂದರೆ ನುಸುಳುವ ದಾರಿ, ಇಲ್ಲಿ ಹೇಳಬೇಕಾದದ್ದು ನಷ್ಟ. ಹಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ಬಾಗಿಸಿರುವುದರಿಂದ ಕೊಯ್ತ ಅಲಗಿಗಿಂತ ಅಗಲ. ಬಾಗು ಸಾಲದಿದ್ದರೆ ಹಸಿಮರದಲ್ಲಿ ಅಲಗು ಉಜ್ಜಿ, ಬಿಸಿಯೇರಿ, ಕಚ್ಚಿಕೊಳ್ಳುತ್ತದೆ. ಒಂದೇ ಪಕ್ಕಕ್ಕೆ ಹೆಚ್ಚಾದರೆ ಗರಗಸ ಅತ್ತ ಎಳೆದು ಗೆರೆ ತಪ್ಪುತ್ತದೆ. 5 ಮಿ.ಮೀ. ಅಗಲದಲ್ಲಿ 10 ಸಲ ಕೊಯ್ದರೆ 50 ಮಿ.ಮೀ. ಮರ ಹುಡಿ, ಅಂದರೆ 25 ಮಿ.ಮೀ. ದಪ್ಪದ ಎರಡು ಹಲಗೆ ಹೋದಂತೆ. ತೆಳು ಪಟ್ಟಿಯ ಬ್ಯಾಂಡ್ ಸಾ ದುಂಡು ಗರಗಸವನ್ನು ಹಿಂದಿಕ್ಕಿದ್ದಕ್ಕೆ ಈ ಉಳಿತಾಯವೂ ಕಾರಣ. 'ಕೊಯ್ತದ ಅಗಲ' ಎಂದು ಬರೆಯಿರಿ, ಲೆಕ್ಕವನ್ನೂ ಕೆಳಗೆ ಕೊಡಿ.

ಉತ್ತರ 1: 'ಕೊಯ್ತ' ಒಪ್ಪುವವರು 'ಕೊಯ್ಗುಂಡಿ'ಗೆ ಏಕೆ ಮೂಗು ಮುರಿಯಬೇಕು?

ಪ್ರಶ್ನೆ ಕೇಳಿದವರು: 'ಗರಗಸದ ಗುಂಡಿ', 'ಕೊಯ್ತದ ಅಗಲ' ಎಂದು ಕಳಿಸುತ್ತಿದ್ದೇನೆ. ಬೆಣೆಯ ವಿವರವನ್ನೂ ಸೇರಿಸಿದ್ದೇನೆ.